ಭೂಗೋಳಕ್ಕೆ ಲೆಕ್ಕ ಬಂದದ್ದು ಹೇಗೆ? ನೋಟ್ಸ್‌ನ ಎರಡು ಸಾಲಿನ ಆಚೆಗೆ ಗೊತ್ತಿದ್ದವರು ತಿಳಿಸಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಇದೆ. ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅಂತ ಮೈನಸ್ 1ರಿಂದ ಪ್ಲಸ್ 1ರೊಳಗೆ ಹೇಳುವ ಸಂಖ್ಯೆ), ರಿಗ್ರೆಷನ್ (ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವ ಲೆಕ್ಕ), ಗುರುತ್ವ ಮಾದರಿ (ಊರು ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಓಡಾಟ ಜಾಸ್ತಿ ಅನ್ನುವುದು), ಕೇಂದ್ರ ಸ್ಥಳ ಸಿದ್ಧಾಂತ (ಸಣ್ಣ ದೊಡ್ಡ ಪೇಟೆಗಳು ಎಲ್ಲೆಲ್ಲಿ ಇರುತ್ತವೆ ಅನ್ನುವುದು), ಎಲ್ಲದರ ಸೂತ್ರವೂ ಬಾಯಿಪಾಠ ಆಗಿದೆ. ಆದರೆ ಇವು ಎಲ್ಲಿಂದ ಬಂದವು ಅನ್ನೋದಕ್ಕೆ ನೋಟ್ಸ್‌ನಲ್ಲಿ ಇರೋದು ಇಷ್ಟೇ: "1950ರ ದಶಕದಲ್ಲಿ ಪರಿಮಾಣಾತ್ಮಕ ಕ್ರಾಂತಿ ಆಯಿತು. 1970ರ ನಂತರ ಟೀಕೆಗೆ ಒಳಗಾಯಿತು." ಯಾರು ಮಾಡಿದ್ರು, ಯಾಕೆ ಮಾಡಿದ್ರು, ಯಾರು ಟೀಕೆ ಮಾಡಿದ್ರು, ಒಂದೂ ಇಲ್ಲ.

ಇನ್ನೊಂದು ವಿಷಯ. ಪ್ರಾಜೆಕ್ಟ್‌ಗೆ ಕರ್ನಾಟಕದಲ್ಲಿ ಮಹಿಳೆಯರ ಸಾಕ್ಷರತೆಗೂ ಅವರ ದುಡಿಮೆಗೂ ಇರುವ ಸಂಬಂಧವನ್ನು ತಗೊಂಡಿದ್ದೇನೆ. ಜಿಲ್ಲಾವಾರು ಲೆಕ್ಕ ಹಾಕು, ಸಹಸಂಬಂಧ ಜಾಸ್ತಿ ಬರುತ್ತೆ, ವೈವಾದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಗೆಳತಿ ಹೇಳುತ್ತಾಳೆ. ಇದು ಸರಿನಾ?

ಹಳೇ ಅಟ್ಲಾಸ್

ತುಂಗಾತೀರ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮೊದಲನೆಯದರ ಒಳಗೇ ಇದೆ. ಹಾಗಾಗಿ ಕಥೆಯಿಂದಲೇ ಶುರು ಮಾಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಭೂಗೋಳದ ಮರ್ಯಾದೆ ಕುಸಿದಿತ್ತು. 1948ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಭೂಗೋಳದ ಬೋಧನೆಯನ್ನೇ ನಿಲ್ಲಿಸಲು ಹೊರಟಿತು. ಆ ಕಾಲದ ದೊಡ್ಡ ಗ್ರಂಥ ರಿಚರ್ಡ್ ಹಾರ್ಟ್‌ಶೋರ್ನ್ ಅವರ 1939ರ 'ದಿ ನೇಚರ್ ಆಫ್ ಜಿಯಾಗ್ರಫಿ'. ಪ್ರತಿ ಪ್ರದೇಶವೂ ಬೇರೆ ಬೇರೆ, ಅದನ್ನು ಚೆನ್ನಾಗಿ ವರ್ಣಿಸಿ ಅರ್ಥ ಮಾಡಿಕೊಳ್ಳುವುದೇ ಭೂಗೋಳ ಅನ್ನುವುದು ಅದರ ತಿರುಳು.

1953ರಲ್ಲಿ ಫ್ರೆಡ್ ಶೇಫರ್ ಎಂಬುವರ ಲೇಖನ ಬಂತು. ಜರ್ಮನಿಯಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಅಯೋವಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು ಇವರು. ವರ್ಣನೆ ಸಾಕು, ಜಾಗಗಳ ಜೋಡಣೆಯ ಹಿಂದಿನ ನಿಯಮಗಳನ್ನು ಹುಡುಕೋಣ ಅನ್ನುವುದು ಅವರ ವಾದ. ಲೇಖನ ಅಚ್ಚಾಗುವ ಮೊದಲೇ ಶೇಫರ್ ತೀರಿಕೊಂಡರು. ಹಾರ್ಟ್‌ಶೋರ್ನ್ ಮುಂದೆ ವರ್ಷಗಟ್ಟಲೆ ಉತ್ತರ ಬರೆದರು. ಓದಲು ಶೇಫರ್ ಇರಲಿಲ್ಲ.

ಇನ್ನು ಸಿಯಾಟಲ್. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಗ್ಯಾರಿಸನ್ 1950ರ ದಶಕದ ನಡುವಿನಲ್ಲಿ ಭೂಗೋಳದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸತೊಡಗಿದರು. ಬ್ರಯಾನ್ ಬೆರ್ರಿ, ವಿಲಿಯಂ ಬಂಗೆ, ವಾಲ್ಡೊ ಟೋಬ್ಲರ್, ರಿಚರ್ಡ್ ಮಾರಿಲ್, ಆರ್ಥರ್ ಗೆಟಿಸ್, ಮೈಕೆಲ್ ಡೇಸಿ, ಜಾನ್ ನೈಸ್ಟ್ಯೂಯೆನ್, ಡ್ವೇನ್ ಮಾರ್ಬಲ್, ಎಲ್ಲರೂ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಅಲ್ಲಿದ್ದರು. ಅವರ ಕೈಗೆ ಸಿಕ್ಕಿದ್ದು ಆ ಕಾಲದ ಲೆಕ್ಕದ ಯಂತ್ರಗಳು: ಮೊದಲು ಐಬಿಎಂ 604, ಆಮೇಲೆ ಐಬಿಎಂ 650. 604ಕ್ಕೆ ಪ್ರೋಗ್ರಾಂ ಅಂದರೆ ಬೋರ್ಡಿನ ತೂತುಗಳಿಗೆ ವೈರು ಚುಚ್ಚುವುದು. 650ರ ಡ್ರಮ್ ಮೆಮೊರಿಯಲ್ಲಿ ಹಿಡಿಯುತ್ತಿದ್ದದ್ದು ಹತ್ತು ಅಂಕಿಗಳ 2000 ಸಂಖ್ಯೆಗಳು ಮಾತ್ರ.

ನಕ್ಷೆ ಕೆಲಸ

ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದ್ರಿ. ನಾನು ಬೆಂಗಳೂರಿನಲ್ಲಿ ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಗಳ ಕೆಲಸ ಮಾಡುವವನು. ಆ ಹುಡುಗರು ಲೆಕ್ಕ ಹಾಕುತ್ತಿದ್ದದ್ದು ಯಾವುದನ್ನು ಅಂತಲೂ ಹೇಳಬೇಕು.

1956ರಲ್ಲಿ ಅಮೆರಿಕ ಅಂತರರಾಜ್ಯ ಹೆದ್ದಾರಿಗಳಿಗೆ ಕಾನೂನು ಮಾಡಿತು. ರಸ್ತೆ ಬಂದರೆ ಯಾವ ಊರು ಬೆಳೆಯುತ್ತೆ, ಯಾವ ಊರಿನ ಅಂಗಡಿ ಮುಚ್ಚುತ್ತೆ ಅನ್ನುವ ಪ್ರಶ್ನೆ ಎದ್ದಿತು. ಗ್ಯಾರಿಸನ್ ಗುಂಪಿಗೆ ಆ ಕೆಲಸ ಸಿಕ್ಕಿತು. ನೌಕಾಪಡೆಯ ಸಂಶೋಧನಾ ಕಚೇರಿಯ ಹಣವೂ ಆ ಕಾಲದಲ್ಲಿ ಭೂಗೋಳಕ್ಕೆ ಹರಿಯಿತು. ಶೀತಲ ಸಮರದ ಕಾಲ ಅದು. ಲೆಕ್ಕ ಬಲ್ಲವರಿಗೆ ಬೆಲೆ ಇತ್ತು.

1958ರಲ್ಲಿ ಬೆರ್ರಿ ಮತ್ತು ಗ್ಯಾರಿಸನ್ ಪ್ರಕಟಿಸಿದ ಸ್ನೊಹೊಮಿಶ್ ಕೌಂಟಿಯ ಅಧ್ಯಯನ ನನಗೆ ಅಚ್ಚುಮೆಚ್ಚು. ಸಿಯಾಟಲ್‌ನ ಉತ್ತರಕ್ಕಿರುವ ಕೌಂಟಿ ಅದು. 33 ಊರು ಪೇಟೆಗಳನ್ನು ತೆಗೆದುಕೊಂಡು, ಒಂದೊಂದರಲ್ಲಿ ಯಾವ ಯಾವ ಅಂಗಡಿ, ಸೇವೆ ಇದೆ ಅಂತ ನೋಡಿದರು. ಎಷ್ಟು ಜನ ಇದ್ದರೆ ಯಾವುದು ನಿಲ್ಲುತ್ತೆ ಅಂತ ಲೆಕ್ಕ ತೆಗೆದರು. ಪೆಟ್ರೋಲ್ ಬಂಕ್‌ಗೆ 196 ಜನ ಸಾಕು. ದಿನಸಿ ಅಂಗಡಿಗೆ 254. ಚರ್ಚ್‌ಗೆ 265. ಡಾಕ್ಟರಿಗೆ 380. "ಈ ಊರು ಸಣ್ಣದು, ಡಾಕ್ಟರ್ ಬರಲ್ಲ" ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟು ಸಣ್ಣದು ಅಂತ ಅಳೆದು ಹೇಳಿದ್ದು ಇವರು.

ಬೀದಿ ಲೆಕ್ಕ

ಚರ್ಚೆ ನೋಡಿ ಖುಷಿಯಾಯಿತು. ಆದರೆ ಎಲ್ಲ ಸಿಯಾಟಲ್‌ನಲ್ಲೇ ಹುಟ್ಟಿತು ಅನ್ನುವ ಹಾಗೆ ಹೇಳಬೇಡಿ, ದಯವಿಟ್ಟು. ಬೆರ್ರಿ ಮಾಡಿದ್ದು ಹೊಸ ಊರಿನಲ್ಲಿ ಹಳೇ ಜರ್ಮನ್ ಸಿದ್ಧಾಂತದ, ಅಂದರೆ ಕೇಂದ್ರ ಸ್ಥಳ ಸಿದ್ಧಾಂತದ ಪರೀಕ್ಷೆ. ವಾಲ್ಟರ್ ಕ್ರಿಸ್ಟಾಲರ್ 1933ರಲ್ಲೇ ದಕ್ಷಿಣ ಜರ್ಮನಿಯ ಪೇಟೆಗಳ ಬಗ್ಗೆ ಪುಸ್ತಕ ತಂದಿದ್ದರು. ಪ್ರತಿ ಪೇಟೆಯ ಸುತ್ತ ಅದರ ವ್ಯಾಪಾರದ ಸೀಮೆ ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬಿಡಿಸುವ ಷಡ್ಭುಜಗಳು ಅಲ್ಲಿಂದ ಬಂದವು.

ಒಂದು ಊರು ಸುತ್ತಲಿನವರಿಗೆ ಎಷ್ಟು ಮುಖ್ಯ ಅಂತ ಅಳೆಯಲು ಅವರು ಟೆಲಿಫೋನ್ ಎಣಿಸಿದರು. ಊರಿನ ಜನಸಂಖ್ಯೆಗೆ ಆ ಸೀಮೆಯ ಸರಾಸರಿ ಪ್ರಕಾರ ಇಷ್ಟು ಫೋನ್ ಇರಬೇಕು. ಅದಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟು ಆ ಊರು ಹೊರಗಿನವರಿಗಾಗಿ ದುಡಿಯುತ್ತಿದೆ. ಸರಳ ಲೆಕ್ಕ, ಒಳ್ಳೇ ಬುದ್ಧಿ.

ಇನ್ನೂ ಹಿಂದಕ್ಕೆ ಹೋದರೆ 1885ರಲ್ಲಿ ರಾವೆನ್‌ಸ್ಟೈನ್ ಬ್ರಿಟನ್ನಿನ ಜನಗಣತಿ ಇಟ್ಟುಕೊಂಡು ವಲಸೆಯ ನಿಯಮಗಳನ್ನು ಬರೆದಿದ್ದರು. ವಲಸಿಗರಲ್ಲಿ ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ ಅನ್ನುವುದು ಅವರ ಮಾತು. ಗುರುತ್ವ ಮಾದರಿಯನ್ನು 1940ರ ದಶಕದಲ್ಲಿ ಬೆಳೆಸಿದವರಲ್ಲಿ ಒಬ್ಬರು ಪ್ರಿನ್ಸ್‌ಟನ್‌ನ ಖಗೋಳ ವಿಜ್ಞಾನಿ ಜಾನ್ ಸ್ಟೀವರ್ಟ್. ಚುಕ್ಕೆಗಳು ಗುಂಪಾಗಿವೆಯೋ ಚದುರಿವೆಯೋ ಅಂತ ಹೇಳುವ ಹತ್ತಿರದ ನೆರೆಯ ಸೂಚ್ಯಂಕ 1954ರಲ್ಲಿ ಗಿಡಗಳ ಹಂಚಿಕೆ ಅಳೆಯಲು ಪರಿಸರ ವಿಜ್ಞಾನದವರು ಮಾಡಿದ್ದು. ಭೂಗೋಳದವರು ಅದನ್ನು ಊರುಗಳಿಗೆ ಹಚ್ಚಿದರು.

ತುಂಗಾತೀರ

ಕ್ರಿಸ್ಟಾಲರ್ ಟೆಲಿಫೋನ್ ಎಣಿಸಿದ್ದು ಇವತ್ತೇ ಗೊತ್ತಾಗಿದ್ದು ಮೇಡಂ! ನಾವು ಬರೀ ಷಡ್ಭುಜದ ಸೂತ್ರ, ಕೆ=3, ಕೆ=4, ಕೆ=7 ಅಂತ ಬರೆದು ಬಂದಿದ್ದೇವೆ.

ಬೀದಿ ಲೆಕ್ಕ

ಹಾಗಾದರೆ ಮುಂದಿನದೂ ಗೊತ್ತಿರಲಿ. ಕ್ರಿಸ್ಟಾಲರ್ 1940ರಲ್ಲಿ ನಾಜಿ ಪಕ್ಷ ಸೇರಿದರು. ನಾಜಿ ನಾಯಕ ಹಿಮ್ಲರ್‌ನ ಕೈಕೆಳಗೆ ಕೊನ್ರಾಡ್ ಮೇಯರ್ ನಡೆಸುತ್ತಿದ್ದ ಯೋಜನಾ ಕಚೇರಿಯಲ್ಲಿ ಕೆಲಸ ಮಾಡಿದರು. ವಶಪಡಿಸಿಕೊಂಡ ಪೋಲೆಂಡಿನಲ್ಲಿ ಪೋಲಿಷರನ್ನು, ಯಹೂದಿಗಳನ್ನು ಓಡಿಸಿ ಜರ್ಮನ್ನರನ್ನು ಕೂರಿಸುವ ಯೋಜನೆಗೆ ಈ ಷಡ್ಭುಜಗಳು ಬಳಕೆಯಾದವು. ದೊಡ್ಡ ಪೇಟೆ ಎಲ್ಲಿ, ಸಣ್ಣ ಪೇಟೆ ಎಲ್ಲಿ, ಯಾವ ಹಳ್ಳಿ ಬೇಡ ಅಂತ ಕಾಗದದ ಮೇಲೆ ತೀರ್ಮಾನ. ಯುದ್ಧ ಮುಗಿದ ಮೇಲೆ ಅವರು ಕಮ್ಯುನಿಸ್ಟ್ ಪಕ್ಷ ಸೇರಿದರು. 1960ರಲ್ಲಿ ಲುಂಡ್‌ನ ಸಮ್ಮೇಳನಕ್ಕೆ ಬಂದಾಗ ಹೊಸ ಪೀಳಿಗೆಯವರು ಗೌರವದಿಂದಲೇ ಬರಮಾಡಿಕೊಂಡರು.

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ಜರ್ಮನ್, ಆಗಸ್ಟ್ ಲಾಶ್, ನಾಜಿಗಳ ಜೊತೆ ಕೈಜೋಡಿಸಲಿಲ್ಲ. 1945ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಇಬ್ಬರ ಷಡ್ಭುಜವೂ ಒಂದೇ ಪುಟದಲ್ಲಿ ಬರುತ್ತೆ. ಇಬ್ಬರ ಬದುಕಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ.

ನಕ್ಷೆ ಕೆಲಸ

ಮೇಡಂ, ಗೌರವದಿಂದಲೇ ಹೇಳುತ್ತೇನೆ. ಅದು ಕ್ರಿಸ್ಟಾಲರ್ ಅವರ ತಪ್ಪು. ಸೂತ್ರದ ತಪ್ಪು ಹೇಗಾಗುತ್ತೆ? ಇವತ್ತು ಆರೋಗ್ಯ ಕೇಂದ್ರ ಎಲ್ಲಿ ಕಟ್ಟಬೇಕು ಅಂತ ನೋಡುವಾಗಲೂ ಅದೇ ತರ್ಕ ಬಳಸುತ್ತೇವೆ. ಜನರಿಗೆ ಉಪಯೋಗ ಆಗುತ್ತಿದೆ.

ಬೀದಿ ಲೆಕ್ಕ

ಸೂತ್ರ ಬಿಡಿ ಅಂತ ನಾನು ಹೇಳುತ್ತಿಲ್ಲ ಸರ್. ನಾನೂ ದಿನಾ ಅಂಕಿಅಂಶದ ಜೊತೆಯೇ ಕೆಲಸ ಮಾಡುವವಳು. ಆ ಸಿದ್ಧಾಂತ ಶುರುವಾಗುವುದು ಸಮತಟ್ಟಾದ ನೆಲದಿಂದ. ಅಲ್ಲಿ ಎಲ್ಲರೂ ಒಂದೇ ಥರ, ಎಲ್ಲರ ಜೇಬಿನಲ್ಲೂ ಒಂದೇ ದುಡ್ಡು. ಪುಸ್ತಕದಲ್ಲಿ ಅದು ಊಹೆ. ಅಧಿಕಾರ ಇರುವವನ ಕೈಯಲ್ಲಿ ಅದು ಆದೇಶ. ನೆಲದ ಮೇಲೆ ಈಗಾಗಲೇ ಇರುವ ಜನ ಲೆಕ್ಕಕ್ಕೆ ಅಡ್ಡಿ ಅನ್ನಿಸಲು ಹೆಚ್ಚು ಹೊತ್ತು ಬೇಕಾಗಲ್ಲ. ಊಹೆ ಯಾವುದು, ಅದರಿಂದ ಯಾರು ಹೊರಗೆ ಉಳಿದರು ಅಂತ ಪ್ರತಿ ಸಲ ಕೇಳಬೇಕು. ನಾನು ಹೇಳುವುದು ಅಷ್ಟೇ.

ಹಳೇ ಅಟ್ಲಾಸ್

ಲುಂಡ್ ಹೆಸರು ಬಂದಿತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು.

ಟೋರ್ಸ್ಟೆನ್ ಹೇಗರ್‌ಸ್ಟ್ರಾಂಡ್ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು. 1953ರ ಅವರ ಪ್ರಬಂಧದ ಪ್ರಶ್ನೆ: ಹೊಸ ವಿಷಯ ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತೆ? ಕಾರು, ದನಗಳ ಕ್ಷಯ ತಪಾಸಣೆ, ಹುಲ್ಲುಗಾವಲು ಸುಧಾರಿಸುವ ರೈತರಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ, ಹೀಗೆ ಹಲವು ತಗೊಂಡರು. ಯಾವ ರೈತ ಯಾವ ವರ್ಷ ಸಹಾಯಧನ ತಗೊಂಡ ಅನ್ನುವುದು ನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿತ್ತು.

ಕಂಪ್ಯೂಟರ್ ಇಲ್ಲದೆ ಅವರು ಮಾಡಿದ ಆಟ ನೋಡಿ. ನೀವೂ ಒಂದು ಕಾಗದ ತಗೊಂಡು ಮಾಡಬಹುದು. ಐದು ಸಾಲು, ಐದು ಕಂಬ, ಒಟ್ಟು 25 ಚೌಕ. ಒಂದೊಂದು ಚೌಕ 5 ಕಿಲೋಮೀಟರ್ ಅಗಲ, 5 ಕಿಲೋಮೀಟರ್ ಉದ್ದ. ವಿಷಯ ಗೊತ್ತಿರುವ ರೈತ ನಡುವಿನ ಚೌಕದಲ್ಲಿ. ಅವನು ಯಾರಿಗೆ ಹೇಳುತ್ತಾನೆ? ತನ್ನ ಚೌಕದವನಿಗೇ ಹೇಳುವ ಸಂಭವ 0.4432. ಪಕ್ಕದ ಚೌಕಕ್ಕೆ 0.0547. ಮೂಲೆಯ ಚೌಕಕ್ಕೆ ಬರೀ 0.0096. ಈ ಸಂಖ್ಯೆಗಳು ಸುಮ್ನೆ ಹೊಳೆದದ್ದಲ್ಲ. ಆ ಕಡೆಯ ಜನ ಮನೆ ಬದಲಿಸಿದಾಗ ಎಷ್ಟು ದೂರ ಹೋಗುತ್ತಾರೆ ಅನ್ನುವ ದಾಖಲೆ ನೋಡಿ ಕಟ್ಟಿದ್ದು.

ಈಗ 0ಯಿಂದ 9999ರವರೆಗಿನ ಸಂಖ್ಯೆಗಳನ್ನು ಚೌಕಗಳಿಗೆ ಹಂಚಿ. ನಡುವಿನ ಚೌಕಕ್ಕೆ 2784ರಿಂದ 7215. ಮೊದಲ ಮೂಲೆಗೆ 0ಯಿಂದ 95. ರ‍್ಯಾಂಡಮ್ ಸಂಖ್ಯೆಗಳ ಪಟ್ಟಿಯಿಂದ ಒಂದು ಎತ್ತಿ. 5120 ಬಂದರೆ ಸುದ್ದಿ ಅದೇ ಚೌಕದ ಇನ್ನೊಬ್ಬನಿಗೆ ಹೋಯಿತು. 42 ಬಂದರೆ ಮೂಲೆಯ ಚೌಕಕ್ಕೆ ಹಾರಿತು. ಮುಂದಿನ ಸುತ್ತಿನಲ್ಲಿ ಹೊಸದಾಗಿ ತಿಳಿದವನನ್ನು ನಡುವೆ ಇಟ್ಟು ಅದೇ ಜಾಲವನ್ನು ಅವನ ಮೇಲೆ ಹಾಸಿ ಮತ್ತೆ ಎತ್ತಿ. ದಾರಿಯಲ್ಲಿ ಕೆರೆ, ಸರೋವರ ಬಂದರೆ ಸುದ್ದಿ ದಾಟಲ್ಲ, ಇಲ್ಲವೇ ಅರ್ಧ ಸಲ ಮಾತ್ರ ದಾಟುತ್ತೆ. ಕೆಲವು ಸುತ್ತು ಆದ ಮೇಲೆ ಕಾಗದದ ಮೇಲೆ ಗುಂಪು ಗುಂಪಾಗಿ ಚುಕ್ಕೆಗಳು ನಿಲ್ಲುತ್ತವೆ. ನಿಜವಾದ ರೈತರ ನಕ್ಷೆಯ ಪಕ್ಕದಲ್ಲಿ ಇಟ್ಟರೆ ಅವು ಹರಡಿದ ರೀತಿಯಲ್ಲಿ ಹೋಲಿಕೆ ಕಾಣುತ್ತೆ.

1959ರಲ್ಲಿ ಅವರು ಸಿಯಾಟಲ್‌ಗೆ ಹೋಗಿ ಪಾಠ ಮಾಡಿದರು. ಬಂಗೆಯ 'ಥಿಯರೆಟಿಕಲ್ ಜಿಯಾಗ್ರಫಿ' 1962ರಲ್ಲಿ ಅಚ್ಚಾದದ್ದು ಲುಂಡ್‌ನಲ್ಲೇ. ಬ್ರಿಟನ್ನಿನಲ್ಲಿ ಪೀಟರ್ ಹ್ಯಾಗೆಟ್, ರಿಚರ್ಡ್ ಚೋರ್ಲಿ ಇದನ್ನು ಕಾಲೇಜು, ಶಾಲೆಗಳವರೆಗೂ ಒಯ್ದರು. 1963ರಲ್ಲಿ ಇಯನ್ ಬರ್ಟನ್ ಕ್ರಾಂತಿ ಮುಗಿಯಿತು, ಇನ್ನು ಇದೇ ಮಾಮೂಲು ಅಂತ ಬರೆದುಬಿಟ್ಟರು.

ತುಂಗಾತೀರ

ಮೇಷ್ಟ್ರೇ, ನಾನೂ ತಂಗಿಯೂ ಇವತ್ತು ಸಂಜೆ ಗ್ರಾಫ್ ಕಾಗದದಲ್ಲಿ ಇದನ್ನು ಆಡಿ ನೋಡಿದೆವು. ಚುಕ್ಕೆಗಳು ಮೊದಲು ಒಂದೇ ಕಡೆ ಕೂತವು. ಆಮೇಲೆ ಇದ್ದಕ್ಕಿದ್ದ ಹಾಗೆ ದೂರದಲ್ಲಿ ಒಂದು ಬಂತು, ಅದರ ಸುತ್ತ ಹೊಸ ಗುಂಪು ಬೆಳೆಯಿತು. ಪುಸ್ತಕದಲ್ಲಿ "ನೆರೆಹೊರೆ ಪರಿಣಾಮ" ಅಂತ ಓದಿದ್ದು ಇದೇ ಅಲ್ವಾ?

ಹಳೇ ಅಟ್ಲಾಸ್

ಅದೇ ಅಮ್ಮಾ. ಭೇಷ್! ತಂಗಿಗೂ ಹೇಳಿ.

ರಾಯಚೂರು ಬಿಸಿಲು

ಎಲ್ಲ ಓದಿದೆ. ಚೆನ್ನಾಗಿದೆ. ನಾನು ಭೂಗೋಳದವನಲ್ಲ, ಅರ್ಥಶಾಸ್ತ್ರ ಓದಿದವನು. ನನ್ನದು ನೇರ ಪ್ರಶ್ನೆ. ಇಷ್ಟೆಲ್ಲ ಲೆಕ್ಕ ಬಂದ ಮೇಲೆ ಟೀಕೆ ಯಾಕೆ ಬಂತು? ನಮ್ಮ ಕಡೆ ನಮಗೆ ಅನ್ಯಾಯ ಆಗಿದೆ ಅಂತ ಸಾಬೀತು ಮಾಡಲು ಅಂಕಿಅಂಶವೇ ಬೇಕಾಯಿತು. ಬಾಯಿಮಾತಿಗೆ ಯಾರೂ ಕಿವಿಗೊಡಲಿಲ್ಲ.

ಬೀದಿ ಲೆಕ್ಕ

ಒಳ್ಳೇ ಪ್ರಶ್ನೆ ಸರ್. ಟೀಕೆ ಹೊರಗಿನಿಂದ ಬಂದದ್ದಕ್ಕಿಂತ ಒಳಗಿನಿಂದ ಬಂದದ್ದೇ ಗಟ್ಟಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಊರುಗಳು ಜನಾಂಗೀಯ ಗಲಭೆಗಳಲ್ಲಿ ಹೊತ್ತಿ ಉರಿಯುತ್ತಿದ್ದವು. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಡೇವಿಡ್ ಹಾರ್ವಿ 1969ರಲ್ಲಿ 'ಎಕ್ಸ್‌ಪ್ಲನೇಷನ್ ಇನ್ ಜಿಯಾಗ್ರಫಿ' ಬರೆದರು. ವೈಜ್ಞಾನಿಕ ವಿಧಾನದ ಪರವಾಗಿ ಅದಕ್ಕಿಂತ ದೊಡ್ಡ ಪುಸ್ತಕ ಇಲ್ಲ. ಅದೇ ವರ್ಷ ಬಾಲ್ಟಿಮೋರ್‌ಗೆ ಹೋದರು. ಅಲ್ಲಿನ ಕಪ್ಪು ಜನರ ಕೇರಿ ನೋಡಿದರು. ನಮ್ಮ ಸಾಧನಗಳು ಇಷ್ಟು ಚೂಪಾಗಿದ್ದೂ ಕಣ್ಣೆದುರು ನಡೆಯುವುದರ ಬಗ್ಗೆ ನಾವು ಏನನ್ನೂ ಹೇಳಲಾರೆವು ಅಂತ ಬರೆದರು. 1973ರ ಹೊತ್ತಿಗೆ 'ಸೋಶಿಯಲ್ ಜಸ್ಟಿಸ್ ಅಂಡ್ ದ ಸಿಟಿ' ಬಂತು.

ಬಂಗೆ ಇನ್ನೂ ಮುಂದೆ ಹೋದರು. ಸಿಯಾಟಲ್ ಗುಂಪಿನಲ್ಲೇ ಕಟ್ಟಾ ಸಿದ್ಧಾಂತಿ ಅವರು. ಡೆಟ್ರಾಯಿಟ್‌ನಲ್ಲಿ ನೆಲೆಸಿ, ಹದಿಹರೆಯದ ಕಪ್ಪು ಹುಡುಗಿ ಗ್ವೆಂಡೊಲಿನ್ ವಾರೆನ್ ಜೊತೆ ಸೇರಿ ಒಂದು ಭೌಗೋಳಿಕ ತಂಡ ಕಟ್ಟಿದರು. ಬೀದಿಯಲ್ಲಿ ಕಾರಿಗೆ ಸಿಕ್ಕು ಸತ್ತ ಮಕ್ಕಳನ್ನು ನಕ್ಷೆಯಲ್ಲಿ ಗುರುತಿಸಿದರು. ಹೊರವಲಯದ ಶ್ರೀಮಂತರು ಪೇಟೆಯ ಆಫೀಸಿಗೆ ಓಡಾಡುವ ದಾರಿಯಲ್ಲೇ ಕಪ್ಪು ಮಕ್ಕಳು ಸಾಯುತ್ತಿದ್ದರು. ನಕ್ಷೆಯ ಶೀರ್ಷಿಕೆಯಲ್ಲೇ ಆ ಮಾತನ್ನು ನೇರವಾಗಿ ಹಾಕಿದರು. ನಗರದ ಶಾಲಾ ವಲಯಗಳನ್ನು ಒಡೆಯುವ ಮಾತು ಬಂದಾಗ ಅದೇ ತಂಡ ಬೇರೆ ಬೇರೆ ಗಡಿ ಎಳೆದು, ಯಾವ ಗಡಿಯಲ್ಲಿ ಕಪ್ಪು ಮಕ್ಕಳಿಗೆ ಏನಾಗುತ್ತೆ ಅಂತ ತಂದೆತಾಯಿಗಳಿಗೆ ವರದಿ ಕೊಟ್ಟಿತು. ಲೆಕ್ಕ ಬಿಟ್ಟರಾ? ಇಲ್ಲ. ಪ್ರಶ್ನೆ ಬದಲಾಯಿತು.

ಇನ್ನೊಂದು ಇದೆ. ಟೋಬ್ಲರ್ ಅವರ ಪ್ರಸಿದ್ಧ ಮಾತು, ಎಲ್ಲಕ್ಕೂ ಎಲ್ಲದರ ನಂಟಿದೆ, ಹತ್ತಿರದ್ದಕ್ಕೆ ಜಾಸ್ತಿ ನಂಟು ಅಂತ. ಅದು ಬಂದದ್ದು 1970ರ ಲೇಖನದಲ್ಲಿ. ಅದು ಯಾವ ಊರಿನ ಜನಸಂಖ್ಯೆ ಬೆಳವಣಿಗೆಯ ಲೇಖನ ಗೊತ್ತಾ? ಡೆಟ್ರಾಯಿಟ್ ಪ್ರದೇಶದ್ದೇ. ಒಂದೇ ಊರು, ಹೆಚ್ಚುಕಮ್ಮಿ ಒಂದೇ ಕಾಲ, ಒಂದೇ ಗುರುವಿನ ಇಬ್ಬರು ಶಿಷ್ಯರು.

ಹಳೇ ಅಟ್ಲಾಸ್

ಹೇಗರ್‌ಸ್ಟ್ರಾಂಡ್ ಕೂಡ ತಿರುಗಿ ನೋಡಿದರು. ಪ್ರಾದೇಶಿಕ ವಿಜ್ಞಾನದಲ್ಲಿ ಜನ ಎಲ್ಲಿದ್ದಾರೆ ಅಂತಲೇ 1970ರಲ್ಲಿ ಕೇಳಿದರು. ಅಲ್ಲಿಂದ ಕಾಲ-ಭೂಗೋಳ ಹುಟ್ಟಿತು. ದಿನಕ್ಕೆ 24 ಗಂಟೆ, ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲ.

ಬೀದಿ ಲೆಕ್ಕ

ಅದನ್ನೇ 1990ರ ದಶಕದಲ್ಲಿ ಮೇ-ಪೋ ಕ್ವಾನ್ ಓಹಾಯೋದ ಕೊಲಂಬಸ್ ನಗರದಲ್ಲಿ ಜಿಐಎಸ್‌ಗೆ ತಂದರು. ಹೆಂಗಸರು, ಗಂಡಸರು ಒಂದಿಡೀ ದಿನ ಎಲ್ಲೆಲ್ಲಿ ಓಡಾಡಿದರು ಅನ್ನುವ ದಿನಚರಿ ಇಟ್ಟುಕೊಂಡು ಲೆಕ್ಕ ಹಾಕಿದರು. ಮನೆಯಿಂದ ಆಫೀಸಿಗೆ ಎಷ್ಟು ದೂರ ಅಂತ ಮಾತ್ರ ನೋಡಿದರೆ ಹೆಂಗಸರ ಕಷ್ಟ ಕಾಣಲ್ಲ. ಹೊತ್ತಿಗೆ ಸರಿಯಾಗಿ ಮಾಡಲೇಬೇಕಾದ ಕೆಲಸಗಳ ನಡುವೆ ಅವರು ಎಲ್ಲಿಗೆ ಹೋಗಿ ಬರಬಹುದು ಅಂತ ನೋಡಿದರೆ ಕಾಣುತ್ತೆ. ಹೆಂಗಸರ ಬದುಕನ್ನು ಸಂಖ್ಯೆಯಲ್ಲಿ ಹಿಡಿಯಬಹುದಾ ಅಂತ ಸ್ತ್ರೀವಾದಿ ಭೂಗೋಳದಲ್ಲಿ ಆಗ ದೊಡ್ಡ ಚರ್ಚೆ ನಡೆದಿತ್ತು. ಕ್ವಾನ್ ಹಿಡಿದು ತೋರಿಸಿದರು. ತುಂಗಾತೀರ, ನಿಮ್ಮ ಪ್ರಾಜೆಕ್ಟ್‌ಗೆ ಇದು ಹತ್ತಿರ.

ನಕ್ಷೆ ಕೆಲಸ

ಈಗ ಲೆಕ್ಕ ಜಿಲ್ಲಾವಾರು ಹಾಕಬೇಕಾ ಅನ್ನುವ ತುಂಗಾತೀರ ಅವರ ಪ್ರಶ್ನೆಗೆ ಬರುತ್ತೇನೆ. ಇದು ಬಹಳ ಮುಖ್ಯ.

1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು.ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿ ತಗೊಂಡು ಒಂದು ಲೆಕ್ಕ ತೋರಿಸಿದರು. ರಾಜ್ಯವಾರು ನೋಡಿದರೆ, ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ಕಡೆ ಅನಕ್ಷರತೆ ಕಡಿಮೆ. ಸಹಸಂಬಂಧ ಮೈನಸ್ 0.53. ಒಬ್ಬೊಬ್ಬ ವ್ಯಕ್ತಿಯನ್ನು ನೋಡಿದರೆ ಉಲ್ಟಾ, ಪ್ಲಸ್ 0.12. ವಲಸೆ ಬಂದವರು ಸಾಕ್ಷರತೆ ಜಾಸ್ತಿ ಇದ್ದ ರಾಜ್ಯಗಳಲ್ಲಿ ನೆಲೆಸಿದ್ದರು, ಅದಕ್ಕೇ ಹೀಗೆ.

1979ರಲ್ಲಿ ಓಪನ್‌ಶಾ ಮತ್ತು ಟೇಲರ್ ಇದನ್ನು ಕೊನೆ ಮುಟ್ಟಿಸಿದರು. ಅಯೋವಾದ 99 ಕೌಂಟಿ. ವಯಸ್ಸಾದವರ ಪ್ರಮಾಣಕ್ಕೂ ರಿಪಬ್ಲಿಕನ್ ಮತಕ್ಕೂ ಇರುವ ಸಂಬಂಧ. ಕೌಂಟಿವಾರು ಸುಮಾರು 0.35 ಇತ್ತು. ಆ 99ನ್ನು ಆರೇ ಆರು ವಲಯಗಳಾಗಿ ಬೇರೆ ಬೇರೆ ಥರ ಸೇರಿಸುತ್ತಾ ಹೋದರೆ, ಮೈನಸ್ 0.99ರಿಂದ ಪ್ಲಸ್ 0.99ರವರೆಗೆ ಯಾವ ಉತ್ತರ ಬೇಕಾದರೂ ಸಿಗುತ್ತೆ. ಮತದಾರ ಒಬ್ಬನೂ ಬದಲಾಗಿಲ್ಲ. ಗೆರೆ ಮಾತ್ರ ಬದಲಾಗಿದೆ. ಗೆಳತಿ ಹೇಳಿದ "ಜಿಲ್ಲಾವಾರು ಜಾಸ್ತಿ ಬರುತ್ತೆ" ಅನ್ನುವುದು ಹೆಚ್ಚಿನ ಸಲ ನಿಜವೇ. ಆದರೆ ಜಾಸ್ತಿ ಬಂದದ್ದು ಹೆಂಗಸರಿಂದ ಅಲ್ಲ, ಗಡಿಯಿಂದ.

ರಾಯಚೂರು ಬಿಸಿಲು

ಇದು ನಮ್ಮ ಕಡೆಯ ಕಥೆಯೇ! ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಜಿಲ್ಲೆಗೆ ನಿಲ್ಲದೆ ತಾಲ್ಲೂಕಿಗೆ ಇಳಿಯಿತು. 175 ತಾಲ್ಲೂಕು, 35 ಸೂಚಕಗಳು, ಎಲ್ಲ ಸೇರಿಸಿ ಒಂದು ಸೂಚ್ಯಂಕ. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದದ್ದು. ಹಾಗೆ 114 ತಾಲ್ಲೂಕು ಬಂದವು. ಅತ್ಯಂತ ಹಿಂದುಳಿದವು 39. ಅದರಲ್ಲಿ 26 ಉತ್ತರ ಕರ್ನಾಟಕದಲ್ಲಿ, 21 ನಮ್ಮ ಕಲಬುರಗಿ ವಿಭಾಗದಲ್ಲೇ. ಆದರೆ ಬೆಂಗಳೂರಿನ ಪಕ್ಕದ ಕನಕಪುರ, ಮಾಗಡಿಯೂ ಆ ಪಟ್ಟಿಯಲ್ಲಿದ್ದವು. ಜಿಲ್ಲೆಯ ಸರಾಸರಿ ನೋಡಿದ್ದರೆ ಅವು ಕಾಣುತ್ತಿರಲಿಲ್ಲ.

ಈಗ ಇನ್ನೂ ಒಳಗೆ ಹೋಗಬೇಕು ಅನ್ನೋದು ನನ್ನ ಮಾತು. ಒಂದೇ ತಾಲ್ಲೂಕಿನಲ್ಲಿ ನಾಲೆಯ ನೀರು ಕಾಣುವ ಊರಿದೆ, ಕಾಣದ ಊರಿದೆ. ಎರಡನ್ನೂ ಒಂದೇ ಸರಾಸರಿಗೆ ಕಟ್ಟಿದರೆ ಕೊನೆ ಭಾಗದ ರೈತ ಎಲ್ಲಿ ಹೋದ?

ಹಳೇ ಅಟ್ಲಾಸ್

ಸರಿಯಾದ ಮಾತು. ಇದಕ್ಕೊಂದು ಹಳೇ ಬೇರೂ ಇದೆ. 1960ರ ದಶಕದ ಶುರುವಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಲಿಯರ್‌ಮಂತ್ ಮತ್ತು ಎಲ್.ಎಸ್. ಭಟ್ ಮೈಸೂರು ರಾಜ್ಯದ ಸಂಪನ್ಮೂಲಗಳ ಅಟ್ಲಾಸ್ ತಂದರು. ಹಿಂದೆಯೇ ರಾಜ್ಯವನ್ನು ಪ್ರದೇಶಗಳಾಗಿ ನೋಡುವ ಇನ್ನೊಂದು ಸಂಪುಟ. 1964ರಲ್ಲಿ ವಿ.ಎಲ್.ಎಸ್. ಪ್ರಕಾಶರಾವ್ ಮೈಸೂರು ರಾಜ್ಯದ ಪಟ್ಟಣಗಳ ಮೇಲೆ ಪುಸ್ತಕ ಬರೆದರು. ರಾಜ್ಯ ಒಂದಾಗಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಮಹಲನೊಬಿಸ್ ಕಟ್ಟಿದ ಆ ಸಂಸ್ಥೆ ಭೂಗೋಳದವರನ್ನು ಯೋಜನೆಯ ಕೆಲಸಕ್ಕೆ ಕರೆದುಕೊಂಡದ್ದು ನಮ್ಮ ಪುಣ್ಯ. ಹಳೇ ಕಾಲೇಜು ಗ್ರಂಥಾಲಯದಲ್ಲಿ ಆ ಅಟ್ಲಾಸ್ ಸಿಕ್ಕರೆ ದಯವಿಟ್ಟು ತೆರೆದು ನೋಡಿ.

ತುಂಗಾತೀರ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿರ್ಧಾರ ಮಾಡಿದೆ. ಜಿಲ್ಲೆಯಲ್ಲೂ ಲೆಕ್ಕ ಹಾಕುತ್ತೇನೆ, ತಾಲ್ಲೂಕಿನಲ್ಲೂ ಹಾಕುತ್ತೇನೆ. ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟು, ಯಾಕೆ ಬೇರೆ ಬಂತು ಅನ್ನುವುದನ್ನೇ ಒಂದು ಅಧ್ಯಾಯ ಮಾಡುತ್ತೇನೆ. ಒಂದು ತಾಲ್ಲೂಕು ಆರಿಸಿಕೊಂಡು ಹೆಂಗಸರ ದಿನಚರಿಯನ್ನೂ ಕೇಳಿ ಬರೆಯುತ್ತೇನೆ. ಆದರೆ ಈಗ ತಾಲ್ಲೂಕುಗಳ ಸಂಖ್ಯೆ ಜಾಸ್ತಿ ಆಗಿದೆಯಲ್ಲ, ನಂಜುಂಡಪ್ಪ ವರದಿಯ 175ರ ಜೊತೆ ಹೋಲಿಸುವುದು ಹೇಗೆ?

ನಕ್ಷೆ ಕೆಲಸ

ಹೊಸ ತಾಲ್ಲೂಕಿನ ಗಡಿ ಬಿಟ್ಟು ಹಳ್ಳಿಯಿಂದ ಶುರು ಮಾಡಿ. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇದೆ, ಸಾಕ್ಷರರು, ದುಡಿಯುವವರು ಎಲ್ಲ ಗಂಡು ಹೆಣ್ಣು ಬೇರೆ ಬೇರೆಯಾಗಿ ಸಿಗುತ್ತಾರೆ. ಆ ಜನಗಣತಿ ಹೊತ್ತಿಗೆ ಹೆಚ್ಚುಕಮ್ಮಿ ಹಳೇ ತಾಲ್ಲೂಕುಗಳೇ ಇದ್ದವು. ಹಳ್ಳಿಗಳನ್ನು ಹಳೇ 175ಕ್ಕೂ ಹೊಂದಿಸಬಹುದು, ಹೊಸ ತಾಲ್ಲೂಕಿಗೂ ಹೊಂದಿಸಬಹುದು. ಶೇಕಡಾವಾರುಗಳ ಸರಾಸರಿ ತೆಗೆಯಬೇಡಿ, ತಲೆ ಎಣಿಕೆಯನ್ನೇ ಕೂಡಿಸಿ ಆಮೇಲೆ ಶೇಕಡಾ ಮಾಡಿ. ಪ್ರತಿ ನಕ್ಷೆಯ ಕೆಳಗೆ ಯಾವ ವರ್ಷದ ಗಡಿ ಅಂತ ಬರೆಯಿರಿ. ಹೊಂದಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಶನಿವಾರ ಭಾನುವಾರ ನಾನು ಬಿಡುವಾಗಿರುತ್ತೇನೆ.

ರಾಯಚೂರು ಬಿಸಿಲು

ದಿನಚರಿಗೆ ನಮ್ಮ ಕಡೆಯ ತಾಲ್ಲೂಕು ಆರಿಸಿಕೊಂಡರೆ ತಿಳಿಸಮ್ಮ. ಹತ್ತಿ ಬಿಡಿಸುವ ಕಾಲಕ್ಕೆ ಬಾ. ಆಗ ಹೆಂಗಸರು ನಸುಕಿಗೇ ಹೊಲಕ್ಕೆ ಹೋಗಿಬಿಡುತ್ತಾರೆ, ಹಗಲಲ್ಲಿ ಮನೆಗೆ ಹೋಗಿ ಕೇಳಿದರೆ ಯಾರೂ ಸಿಗಲ್ಲ. ಹೊಲದಲ್ಲೇ ಕೇಳಬೇಕು.